ಕೌಂಟರಿನ ಮೇಲಿಟ್ಟು ಹೋದ ಭಂಡಾರ

ಒಂದು ಭಾನುವಾರ ನನ್ನ ಯಜಮಾನರು ಊಟದ ಮೇಜಿನ ಮೇಲೆ ಮೈದಾ ತುಂಬಿದ ಲಕೋಟೆಯೊಂದನ್ನು ಇಟ್ಟರು.

"ಈಗ ನೀ ಆಸ್ಪತ್ರಿ ಕೌಂಟರಿನಾಗ ಕುಂತ ಹುಡುಗಿ ಅಂತ ತಿಳ್ಕೊ. ಇದನ್ನ ಯಾರೋ ಇಟ್ಟು ಹೋದ್ರು. ಏನ್ ಮಾಡ್ತಿ?"

"ಒಡದು ನೋಡ್ತೀನಿ."

"ಸತ್ತಿ."

"ಹಂಗಾರ ಮೂಸಿ ನೋಡ್ತೀನಿ."

"ಮತ್ತ ಸತ್ತಿ. ಮೊದಲ ಫ್ಯಾನ್ ಬಂದ್ ಮಾಡಬೇಕು. ಗಾಳಿಗೆ ಹಾರಿದ್ರ ಮುಗೀತು. ಆಮೇಲೆ ಮ್ಯಾಲೊಂದು ಮುಚ್ಚಬೇಕು, ಹೊರಗ ಬಂದು ಬಾಗಲಾ ಹಾಕಬೇಕು, ಸಾಬೂನಿಲೆ ಕೈ ತೊಳಕೋಬೇಕು. ಖೋಲಿಯಾಗ ಯಾರ್‍ಯಾರು ಇದ್ರು ನೆನಪಿಡಬೇಕು. ಹೂಂ, ಮತ್ತೊಮ್ಮಿ ಮಾಡು."

ಅವರು ವಿಜಯಪುರದ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರೋಗಾಣುಗಳನ್ನು ಪರೀಕ್ಷಿಸುವ ವಿಭಾಗ ನೋಡಿಕೊಳ್ಳುತ್ತಾರೆ. ಯಾರಾದರೂ ರೋಗಾಣುವನ್ನೇ ಆಯುಧ ಮಾಡಿಕೊಂಡು ಲಕೋಟೆಯಲ್ಲೋ ಡಬ್ಬಿಯಲ್ಲೋ ಕಳಿಸಿದರೆ ಪ್ರಯೋಗಾಲಯದವರು ಏನು ಮಾಡಬೇಕು, ಕಾನೂನು ಏನು ಹೇಳುತ್ತದೆ ಎಂಬ ತರಬೇತಿ ಮುಗಿಸಿ ಆಗಷ್ಟೇ ಬಂದಿದ್ದರು. ತಮ್ಮ ಕೈಕೆಳಗಿನವರಿಗೆ ಕಲಿಸುವ ಮೊದಲು ನನ್ನ ಮೇಲೆ ಪ್ರಯೋಗ. ನಾನು ನಗುತ್ತ ಎದ್ದು ಫ್ಯಾನ್ ಆರಿಸುವುದು, ಸ್ಟೀಲ್ ಬೋಗುಣಿ ಮುಚ್ಚುವುದು, ಅಡುಗೆಮನೆಗೆ ಓಡಿ ಕೈ ತೊಳೆಯುವುದು. ಮಧ್ಯಾಹ್ನದ ಹೊತ್ತಿಗೆ, ಲಕೋಟೆ ಮೇಜಿಗೆ ತಾಕಿದ ಸದ್ದಿಗೇ ನನ್ನ ಕೈ ಸ್ವಿಚ್ಚಿನ ಕಡೆ ಹೋಗುವಷ್ಟು ಪಳಗಿತ್ತು.

"ಪೊಲೀಸರಿಗೆ ತಿಳಿಸಿದ ಮ್ಯಾಲೆ ಆ ಲಕೋಟಿ ನಮ್ಮದಲ್ಲ," ಎಂದೂ ಹೇಳಿದರು. "ಯಾರ ಕೈಯಿಂದ ಯಾರ ಕೈಗೆ ಹೋತು, ಎಲ್ಲಾದಕ್ಕೂ ಸಹಿ ಬೀಳಬೇಕು. ಅದರ ಸುದ್ದಿ ನಾವು ಹೊರಗ ಬಾಯಿ ಬಿಡೂಹಂಗಿಲ್ಲ. ಮನಿಯಾಗೂ."

"ಮನಿಯಾಗ ನಾ ಒಬ್ಬಾಕಿನ ಅದೀನಲ್ಲ."

"ಅದಕ್ಕ ಹೇಳೀನಿ," ಎಂದು ನಕ್ಕರು.

ಆಯಿಯ ವಿಷಯ ಬರೆಯಬೇಕೆಂದು ಕೂತವಳು ಮೈದಾ ಲಕೋಟೆಯಿಂದ ಶುರು ಮಾಡಿದ್ದೇನೆ. ಆದರೆ ಎರಡೂ ಒಂದೇ ವಿಷಯ.

ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ಈ ಆಯಿ ನನ್ನ ಸ್ವಂತ ಅಜ್ಜಿಯಲ್ಲ. ಬಬಲೇಶ್ವರದ ಕಡೆಯ ಕುರಿ ಕಾಯುವ ಮನೆತನದವಳು. ಟಿಕೋಟಾದ ನನ್ನ ತವರಿನ ಹೊಲಕ್ಕೆ, ಜೋಳದ ರಾಶಿ ಮುಗಿದ ಮೇಲೆ, ಪ್ರತಿ ವರ್ಷ ಅವರ ಹಿಂಡು ಬರುತ್ತಿತ್ತು. ಖಾಲಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ನೆಲಕ್ಕೆ ಗೊಬ್ಬರ, ಕುರಿಯವರಿಗೆ ಮೇವು, ಕಾಳು, ಬಾವಿಯ ನೀರು. ನಾನು ವಿಜಯಪುರದಲ್ಲಿ ಕಾನ್ವೆಂಟ್ ಶಾಲೆಯ ಹಾಸ್ಟೆಲಿನಲ್ಲಿದ್ದವಳು ರಜೆಗೆ ಬಂದಾಗ ಆಯಿ ನನ್ನ ಬಿಳಿ ಕಾಲುಚೀಲ ನೋಡಿ, "ಯವ್ವಾ, ಕೊಕ್ಕರಿ ಬಂತು ನೋಡ್ರಿ," ಎಂದು ಕೂಗುತ್ತಿದ್ದಳು. ಹಲ್ಲಿನಲ್ಲಿ ಸೆರಗಿನ ತುದಿ ಕಚ್ಚಿಕೊಂಡು, ಎಡ ಭುಜದ ಮೇಲೆ ಮಡಿಚಿದ ಕಂಬಳಿ ಹಾಕಿಕೊಂಡು ನಡೆಯುವುದು ಆಕೆಯ ರೂಢಿ.

ಅವರ ಮನೆಯದೊಂದು ಪದ್ಧತಿ ನನಗೆ ಆಗಿನಿಂದಲೂ ಗೊತ್ತು. ಹರಕೆ ಹೊತ್ತದ್ದು ಫಲಿಸಿದರೆ, ದೇವರ ಮುಂದಿಟ್ಟ ಅರಿಸಿನದ ಪುಡಿ, ಅಂದರೆ ಭಂಡಾರ, ಅದರೊಳಗೊಂದು ಚಿಟಿಕೆ ಉಣ್ಣೆ ಸೇರಿಸಿ ಉಪಕಾರ ಮಾಡಿದವರ ಬಾಗಿಲಲ್ಲಿ ಇಟ್ಟು ಬರಬೇಕು. ಹೇಳಿ ಕೊಡಬಾರದು. ಇಟ್ಟವರು ಹಿಂದೆ ತಿರುಗಿ ನೋಡಬಾರದು, ಕಂಡವರು ಕೂಗಿ ಕರೆಯಬಾರದು. ಒಮ್ಮೆ ನಮ್ಮ ಹೊಸ್ತಿಲಲ್ಲಿ ಆಯಿ ಹಾಗೆ ಇಟ್ಟು ಹೋಗುವಾಗ ನಾನು "ಆಯಿ" ಎಂದು ಬಾಯಿ ತೆರೆದಿದ್ದೆ. ಅಮ್ಮ ಹಿಟ್ಟು ಮೆತ್ತಿದ ಕೈಯಿಂದಲೇ ನನ್ನ ಬಾಯಿ ಮುಚ್ಚಿದ್ದಳು.

ಮೈದಾ ಲಕೋಟೆಯ ಪಾಠವಾದ ಕೆಲವು ತಿಂಗಳಿಗೆ ಆಯಿಯ ಹಿಂಡಿನಲ್ಲಿ ಒಂದರ ಹಿಂದೊಂದು ಕುರಿ ಸತ್ತವು. ಸತ್ತ ಕುರಿಯ ಚರ್ಮ ಸುಲಿದ ಆಯಿಯ ಗಂಡನ ಮುಂಗೈ ಊದಿಕೊಂಡು, ನಡುವೆ ಕಪ್ಪಗೆ ಕರಕಲಾದಂಥ ಹುಣ್ಣಾಯಿತು. ನೋವೇ ಇಲ್ಲವೆಂದು ಮುದುಕ ಸುಮ್ಮನಿದ್ದ. ನನ್ನ ತಮ್ಮ ನೋಡಿ ಹೆದರಿ ಅವರನ್ನು ನಮ್ಮವರ ಆಸ್ಪತ್ರೆಗೆ ಕಳಿಸಿದ. ಹುಣ್ಣಿನ ಮಾದರಿಯಲ್ಲಿ ನೆರಡಿ ರೋಗದ, ಅಂದರೆ ಆಂಥ್ರಾಕ್ಸಿನ, ಕ್ರಿಮಿ ಸಿಕ್ಕಿತು. ಸರಿಯಾದ ಔಷಧ ಬಿತ್ತು, ಮುದುಕ ಉಳಿದ. ಪಶು ವೈದ್ಯರು ಬಂದು ಉಳಿದ ಕುರಿಗಳಿಗೆ ಲಸಿಕೆ ಹಾಕಿದರು, ಸತ್ತವನ್ನು ಸುಣ್ಣ ಸುರಿದು ಆಳವಾಗಿ ಹೂಳಿಸಿದರು.

"ಇದ ಕ್ರಿಮಿನ ನೋಡು ತರಬೇತಿಯೊಳಗ ಎಲ್ಲಾದಕ್ಕಿಂತ ಮೊದಲ ಹೇಳಿದ್ದು," ಎಂದರು ಯಜಮಾನರು. "ನಮ್ಮ ಹೊಲದ ಮಣ್ಣಾಗೂ ಇರ್ತೈತಿ, ಕೆಟ್ಟವರ ಕೈಯಾಗೂ ಇರಬಹುದು. ಎಲ್ಲಿಂದ ಬಂತು ಅಂತ ಅದರ ಮಾರಿ ಮ್ಯಾಲೆ ಬರದಿರೂದಿಲ್ಲ."

ಗಂಡ ಉಳಿದದ್ದಕ್ಕೆ ಆಯಿ ಹರಕೆ ತೀರಿಸಲು ಬಂದಳು. ಅವಳಿಗೆ ಡಾಕ್ಟರ ಮನೆ, ಅಂದರೆ ನಮ್ಮ ಮನೆ, ಗೊತ್ತಿರಲಿಲ್ಲ, ಆಸ್ಪತ್ರೆ ಗೊತ್ತಿತ್ತು. ಬಾಗಿಲು ಎಂದರೆ ಅವಳ ಲೆಕ್ಕದಲ್ಲಿ ರಕ್ತ ಕೊಟ್ಟು ಚೀಟಿ ತೆಗೆದುಕೊಳ್ಳುವ ಆ ಕೌಂಟರು. ಹೆಸರಿಲ್ಲದ ಖಾಕಿ ಲಕೋಟೆಯನ್ನು ಅದರ ಮೇಲಿಟ್ಟು, ಕೈ ಮುಗಿದು, ಯಾರ ಮಾತಿಗೂ ನಿಲ್ಲದೆ, ಹಿಂದೆ ತಿರುಗಿ ನೋಡದೆ ಹೊರಟುಹೋದಳು.

ಕೌಂಟರಿನ ಹುಡುಗಿ ಕಲಿತ ಪಾಠವನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಫ್ಯಾನ್ ಆರಿತು, ಬಾಗಿಲು ಮುಚ್ಚಿತು. ನಮ್ಮವರು ಗಾಜಿನಾಚೆಯಿಂದ ನೋಡಿದರಂತೆ: ಲಕೋಟೆಯ ಮೂಲೆಯಿಂದ ಹಳದಿ ಪುಡಿ ಉದುರಿತ್ತು, ಉಣ್ಣೆಯ ಎಳೆಯೊಂದು ಇಣುಕಿತ್ತು. ಜೊತೆಗಿದ್ದವರೊಬ್ಬರು, "ಸರ್, ಭಂಡಾರ ಇದ್ದಂಗ ಐತಿ," ಎಂದರು. ಇವರೂ ಹಾಗೇ ಅಂದುಕೊಂಡರಂತೆ. ಆದರೆ ನೋಡಿದ್ದನ್ನು ಪುರಾವೆ ಅನ್ನಬಾರದು ಎಂದು ಕಲಿಸಿದವರೇ ಇವರು. ಆಗಷ್ಟೇ ಆ ರೋಗ ಕಂಡ ಪ್ರಯೋಗಾಲಯ, ಹೆಸರಿಲ್ಲದ ಲಕೋಟೆ, ಒಳಗೆ ಉಣ್ಣೆ. ಪೊಲೀಸರಿಗೆ ಫೋನ್ ಹೋಯಿತು. ಮಾದರಿ ಮೊಹರಾಗಿ ಬೇರೆ ಊರಿನ ದೊಡ್ಡ ಪ್ರಯೋಗಾಲಯಕ್ಕೆ ಹೋಯಿತು. ಅಲ್ಲಿದ್ದವರೆಲ್ಲ ಮುನ್ನೆಚ್ಚರಿಕೆಗೆ ಗುಳಿಗೆ ನುಂಗಿದರು.

ಆ ಸಂಜೆ ಇವರು ಮನೆಗೆ ಬಂದವರು ಮೊಣಕೈತನಕ ಕೈ ತೊಳೆದರು, ಒರೆಸಿಕೊಂಡರು, ಮತ್ತೆ ತೊಳೆದರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಆದರೆ ಮರುದಿನ ನಮ್ಮ ಇಬ್ರಾಹಿಂಪುರದ ಓಣಿಯ ಹೆಂಗಸರ ಫೋನುಗಳಿಗೆಲ್ಲ ಒಂದು ವಿಡಿಯೋ ಬಂತು. ಆಸ್ಪತ್ರೆಯ ಸಿಸಿಟಿವಿ ಪರದೆಯನ್ನು ಯಾರೋ ಮೊಬೈಲಿನಲ್ಲಿ ಹಿಡಿದದ್ದು. ಕೆಳಗೆ "ಆಸ್ಪತ್ರೆಯಲ್ಲಿ ವಿಷದ ಪುಡಿ ಇಟ್ಟು ಪರಾರಿಯಾದ ಮಹಿಳೆ" ಎಂದು ಕೆಂಪಕ್ಷರ.

ಮುಖ ಗುರುತಾಗುವಂತಿರಲಿಲ್ಲ. ಆದರೆ ಎಡ ಭುಜದ ಮೇಲಿನ ಕಂಬಳಿಯ ಮಡಿಕೆ ಕಂಡಿತು. ಹಲ್ಲಿನಲ್ಲಿ ಕಚ್ಚಿದ ಸೆರಗು ಕಂಡಿತು. ಇಟ್ಟು, ಕೈ ಮುಗಿದು, ಕತ್ತು ಒಂದಿಷ್ಟೂ ಹೊರಳಿಸದೆ ಹೋಗುವ ಆ ನಡಿಗೆ ನಮ್ಮ ಟಿಕೋಟಾದ ಹೊಸ್ತಿಲಿನದು. ನನಗೆ ಎಷ್ಟು ಹಗುರೆನಿಸಿತೆಂದರೆ, ಇವರು ಸಂಜೆ ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ಹೇಳಿಬಿಟ್ಟೆ.

"ಏನ್ರೀ, ಅದು ನಮ್ಮ ಆಯಿ! ಹರಕಿ ಭಂಡಾರ ರೀ ಅದು, ವಿಷ ಅಲ್ಲ."

ಅವರು ಒಂದು ಚಪ್ಪಲಿ ಬಿಟ್ಟು, ಇನ್ನೊಂದರಲ್ಲೇ ನಿಂತರು.

"ನೀ ಹೇಳಿದ್ದು ಚಲೋ ಆತು," ಎಂದರು. "ಆದ್ರ ನಾ ಈಗ ಇದನ್ನ ಪೊಲೀಸರಿಗೆ ಹೇಳಬೇಕಾಕ್ಕತಿ. ಗೊತ್ತಿದ್ದೂ ಮುಚ್ಚಿಟ್ರ ಅದು ಬ್ಯಾರೆ ಗುನ್ನೆ."

"ಹೇಳ್ರಿ ಮತ್ತ. ಹೇಳಿದ್ರ ಮುಗೀತಲ್ಲ." ನಿಜವಾಗಿಯೂ ಹಾಗೇ ತಿಳಿದಿದ್ದೆ. ಒಬ್ಬ ಸಾಹೇಬರು ಹೋಗಿ ಎರಡು ಮಾತು ಕೇಳುತ್ತಾರೆ, ನಗುತ್ತಾರೆ, ಮಜ್ಜಿಗೆ ಕುಡಿದು ಬರುತ್ತಾರೆ ಎಂದು.

ಹೋದದ್ದು ಎರಡು ಜೀಪು. ಮೈತುಂಬ ಬಿಳಿ ಅಂಗಿ, ಮುಖಕ್ಕೆ ಮುಖವಾಡ ಹಾಕಿಕೊಂಡ ಆರೋಗ್ಯ ಇಲಾಖೆಯವರು. ಉಣ್ಣೆಯ ಚೀಲಗಳಿಗೆ ಮೊಹರು ಹಾಕಿದರು. ಆಯಿಯನ್ನು ಜೀಪಿನಲ್ಲಿ ಕೂಡ್ರಿಸಿಕೊಂಡು ಠಾಣೆಗೆ ಕರೆದೊಯ್ದು, ಸಂಜೆಯೊಳಗೆ ಬಿಟ್ಟರು. ಯಾರೂ ಬೈಯಲಿಲ್ಲ, ಯಾರೂ ಕೈ ಮಾಡಲಿಲ್ಲ. ಎಲ್ಲ ಕಾನೂನಿನಂತೆಯೇ ಆಯಿತು. ನನಗೆ ಈಗಲೂ ಯಾರ ಮೇಲೂ ಸಿಟ್ಟು ಮಾಡಿಕೊಳ್ಳಲು ಬರದಿರುವುದು ಅದಕ್ಕೇ. ಆ ಉಣ್ಣೆಯಲ್ಲಿ ಕ್ರಿಮಿ ಇದ್ದಿದ್ದರೆ, ನಮ್ಮವರು ನಕ್ಕು ಲಕೋಟೆ ಒಡೆದಿದ್ದರೆ, ಆ ಕೌಂಟರಿನ ಹುಡುಗಿಯ ಗತಿಯೇನಾಗುತ್ತಿತ್ತು ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಸಿಟ್ಟಿಗೆ ದಾರಿಯಿಲ್ಲದಾಗ ಉಳಿಯುವುದು ನಾಚಿಕೆಯೊಂದೇ.

ಸುತ್ತಲಿನ ಹೊಲದವರೆಲ್ಲ ಬದುವಿನ ಮೇಲೆ ನಿಂತು ನೋಡಿದ್ದರು. ಅಂದಿನಿಂದ ಆಯಿಯ ಹಿಂಡಿಗೆ ನಿಲ್ಲಲು ಜಾಗವಿಲ್ಲವಾಯಿತೆಂದು ಕೇಳಿದೆ. ಮಾತು ಕೊಟ್ಟವರು ಹಿಂದೆ ಸರಿದರು. ಬಾವಿಯ ಪಂಪು ಕೆಟ್ಟಿದೆ ಎಂದರು ಕೆಲವರು. ಪೈಪಿನಿಂದ ನೀರು ಬೀಳುತ್ತಲೇ ಇತ್ತಂತೆ. ಹಿಂಡಿಗೆ ಹೊಲ ಸಿಗದಿದ್ದರೆ ಆ ಮನೆತನಕ್ಕೆ ಬದುಕಿಲ್ಲ. ಹಿಂಡು ಅಂದರೆ ಅವರ ಹೆಸರು. ಯಾರ ಹೊಲದಲ್ಲಿ ನಿಂತಿದೆ ಎಂಬುದರ ಮೇಲೆ ಅವರ ಮರ್ಯಾದೆ.

ಹೊಲ ಕೊಡದವರ ಸಾಲಿನಲ್ಲಿ ನನ್ನ ತಮ್ಮನೂ ಇದ್ದಾನೆಂದು ತಿಳಿದಾಗ ನಾನು ಬಸ್ಸು ಹತ್ತಿ ಟಿಕೋಟಾಕ್ಕೆ ಹೋದೆ. ಅವನು ಒಣದ್ರಾಕ್ಷಿ ಶೆಡ್ಡಿನಲ್ಲಿ ಪರದೆ ಸರಿಸುತ್ತಿದ್ದ.

"ಅಕ್ಕಾ, ನನಗ ಗೊತ್ತಿಲ್ಲೇನು ಅದು ಭಂಡಾರ ಅಂತ? ಆಕಿ ಕೈಯಾಗ ಬೆಳದಾಂವ ನಾನು. ಆದ್ರ ದ್ರಾಕ್ಷಿ ತಗೊಳ್ಳಾಂವ ಬಂದಾಗ ಮೊದಲ ಆ ವಿಡಿಯೋನ ತಗದ. 'ಆ ಕುರಿ ನಿಮ್ಮ ಹೊಲಕ್ಕ ಬರ್ತಾವಂತಲ್ರೀ' ಅಂದ. ನಾ ಏನಂತ ಹೇಳ್ಲಿ?"

"ಆಕಿ ಗಂಡನ್ನ ಆಸ್ಪತ್ರಿಗೆ ಕಳಿಸಿದಾಂವ ನೀನ. ಈಗ ನೀನ ಹಿಂಗ ಅಂದ್ರ?"

ತಮ್ಮನ ಹೆಂಡತಿ ಒಳಗಿನಿಂದ ಚಹಾ ತಂದಳು. ನನ್ನ ಮುಂದೆ ಇಡುತ್ತ, ಮೆತ್ತಗೆ, "ಅಕ್ಕಾರ, ಜೀಪ್ ಕಳಿಸಿದವರು ನಿಮ್ಮ ಮನಿಯವರು. ಕುರಿ ಕರಸರಿ ಅಂತ ನಮಗ ಹೇಳಾಕ ಬಂದೀರಿ. ನಿಮ್ಮ ಇಬ್ರಾಹಿಂಪುರದ ಅಂಗಳದಾಗ ನಿಂದ್ರಸ್ಕೋತೀರೇನು?" ಎಂದಳು.

ನಾನು ಕಪ್ಪಿನ ಹಿಡಿಕೆಯ ಮೇಲಿದ್ದ ಸಣ್ಣ ಬಿರುಕನ್ನು ನೋಡುತ್ತ ಕೂತೆ. ಆಕೆ ತಪ್ಪು ಹೇಳಿರಲಿಲ್ಲ. ವಾಪಸು ಬರುವಾಗ ಆಯಿಯ ಕಡೆ ಹೋಗುವ ಬಬಲೇಶ್ವರದ ಬಸ್ಸೂ ನಿಂತಿತ್ತು, ಹತ್ತಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಕಲಿಸಿದ್ದರು, ಸಾರಿ ಎನ್ನುವಾಗ ನೆಲ ನೋಡಬಾರದು, ಎದುರಿನವರ ಕಣ್ಣು ನೋಡಬೇಕೆಂದು. ಆದರೆ ಇವರು ಹೇಳಿದ್ದರು: "ರಿಪೋರ್ಟ್ ಬರೂತನಕ ನೀ ಆಕಿನ್ನ ಭೆಟ್ಟಿ ಆಗಬ್ಯಾಡ. ವಿಚಾರಣಾ ನಡದೈತಿ. ನೀ ತಪ್ಪಾತು ಅಂದ್ರೂ ಅದಕ್ಕ ಬ್ಯಾರೆ ಅರ್ಥ ಹಚ್ಚತಾರ." ಕಲಿತ ಒಂದು ಶಬ್ದ, ಅದನ್ನೂ ಆಡುವಂತಿರಲಿಲ್ಲ.

ಓಣಿಯಲ್ಲಿ ನಮ್ಮ ಸ್ಥಿತಿಯೂ ಬೇರೆಯಾಗಿತ್ತು. ಪಕ್ಕದ ಮನೆಯಾಕೆ ನಮ್ಮ ಬಟ್ಟಲನ್ನು ಎಂದೂ ಬರಿದಾಗಿ ಕಳಿಸಿದವಳಲ್ಲ. ಒಂದು ಮೆಣಸಿನಕಾಯಿಯಾದರೂ ಹಾಕಿ ಕಳಿಸುವಾಕೆ. ಆ ವಾರ ಬಟ್ಟಲು ಬರಿದಾಗಿ, ತೊಳೆದು, ಗೇಟಿನ ಕಂಬದ ಮೇಲೆ ಬೋರಲಾಗಿ ಕೂತಿತ್ತು. ಕೌಂಟರಿನ ಹುಡುಗಿಗೆ ಬಾಡಿಗೆ ಮನೆಯವರು ನಾಲ್ಕು ದಿನ ಊರಿಗೆ ಹೋಗಿ ಬಾರವ್ವಾ ಎಂದರಂತೆ. ತರಬೇತಿಯಲ್ಲಿ ಇದನ್ನೆಲ್ಲ ಹೇಳಿಕೊಟ್ಟಿದ್ದರೇ ಎಂದು ಕೇಳಿದೆ. "ಜನರೊಳಗ ಅಂಜಿಕಿ ಹಬ್ಬಬಹುದು ಅಂತ ಒಂದು ಸಾಲು ಇತ್ತು," ಎಂದರು ಇವರು.

ವರದಿ ಬಂತು. ಅರಿಸಿನ, ಉಣ್ಣೆ, ಬೇರೇನಿಲ್ಲ. ಪ್ರಕರಣ ಮುಗಿಯಿತು. ಒಬ್ಬ ಪೇದೆ ಬೈಕಿನ ಮೇಲೆ ಹೋಗಿ ಆಯಿಗೆ ತಿಳಿಸಿ ಬಂದನಂತೆ. ಜೀಪು ಹೋದದ್ದನ್ನು ಊರೇ ನೋಡಿತ್ತು. ಬೈಕು ಹೋದದ್ದನ್ನು ಯಾರೂ ನೋಡಲಿಲ್ಲ. ವರದಿಯ ವಿಡಿಯೋವನ್ನು ಯಾರೂ ಮಾಡಲಿಲ್ಲ.

ನಾನು ತಮ್ಮನಿಗೆ ಫೋನ್ ಹಚ್ಚಿದೆ. ಅವನು ವರದಿಯ ಮಾತು ಕೇಳಿ, "ಹಂಗಾರ ಬರ್ಲಿ ಬಿಡು ಅಕ್ಕಾ. ಬರಾಕ ಹೇಳು," ಎಂದ. ಆ ಒಂದು ಮಾತನ್ನು ಬುತ್ತಿಯಂತೆ ಕಟ್ಟಿಕೊಂಡು ಇವರ ಜೊತೆ ಹೊರಟೆ. ಹಿಂಡು ಸಾರವಾಡದ ಹತ್ತಿರ ಇದೆಯೆಂದು ಗೊತ್ತಾಗಿತ್ತು.

ಆಯಿ ನಮ್ಮನ್ನು ದೂರದಿಂದಲೇ ನೋಡಿ ಕಂಬಳಿ ಹಾಸಿದಳು. ಆಮೇಲೆ ಕೊಡದ ಬಳಿ ಹೋಗಿ, ತೆಂಗಿನ ಚಿಪ್ಪಿನಲ್ಲಿದ್ದ ಹೊಸ ಸಾಬೂನಿನಿಂದ ಕೈ ಉಜ್ಜಿ ಉಜ್ಜಿ ತೊಳೆದಳು. ತೊಳೆದ ಕೈಗಳನ್ನು ಇವರ ಮುಂದೆ ಹಿಡಿದು, ಮೇಲೆ ಕೆಳಗೆ ತಿರುಗಿಸಿ ತೋರಿಸಿದಳು.

"ನೋಡ್ರಿ ಸಾಹೇಬ್ರ, ತೊಳದೀನಿ. ಈಗ ಮಜ್ಜಿಗಿ ಕೊಡಬಹುದಲ್ರಿ?"

ಅಣಕವಾಗಿದ್ದರೆ ತಾಳಿಕೊಳ್ಳುತ್ತಿದ್ದೆ. ಅಣಕವಾಗಿರಲಿಲ್ಲ.

"ಠಾಣೇದಾಗ ಸಾಲಿ ಕಲಿಸಿ ಕಳಿಸ್ಯಾರ್ರೀ," ಎಂದ ಮುದುಕ. ಮುಂಗೈಯ ಹುಣ್ಣು ಮಾಯ್ದು ತೆಳ್ಳನೆಯ ಹೊಸ ಚರ್ಮ ಮಿನುಗುತ್ತಿತ್ತು. "ಈಗ ನನಗೂ ರೊಟ್ಟಿ ಬೇಕಂದ್ರ ಮೊದಲ ಕೈ ತೋರಿಸಬೇಕು. ಇಲ್ಲಂದ್ರ ಗಂಗಾಳಾನ ಹಾಕೂದಿಲ್ಲ ಮುದಿಕಿ."

"ಹಾಕೂದಿಲ್ಲ. ಸತ್ತ ಕುರಿ ಮುಟ್ಟಿ ಊರಿಗೆಲ್ಲಾ ನನ್ನ ಮಾರಿ ತೋರಿಸಿದಿ," ಎಂದಳು ಆಯಿ.

ನಾನು ತಮ್ಮನ ಮಾತು ಹೇಳಿದೆ. ಆಯಿ ಸೆರಗು ಬಾಯಿಂದ ಬಿಟ್ಟು ನನ್ನ ಕಡೆ ನೋಡಿದಳು.

"ಈ ಹೊಲದಾತ, ಜೀಪ್ ಬಂದ ದಿನಾನ ಟ್ರ್ಯಾಕ್ಟರ್ ನಿಂದ್ರಸಿ ಬಂದು ಕೇಳಿದ ಯವ್ವಾ, ಕುರಿ ಎಲ್ಲಿ ನಿಂದ್ರಸ್ತೀರಿ ಅಂತ. ಅವಗ ನಮ್ಮ ಪರಿಚಯನೂ ಇದ್ದಿದ್ದಿಲ್ಲ. ಇನ್ನ ಪ್ರತಿ ವರ್ಷ ಇಲ್ಲೇ ಅಂತ ಮಾತು ಕೊಟ್ಟೀವಿ." ಆಮೇಲೆ, "ನನಗ ಸಿಟ್ಟಿಲ್ಲ ಅಂತ ನಿಮ್ಮ ತಮ್ಮಗ ಹೇಳು," ಎಂದಳು.

ಕಟ್ಟಿಕೊಂಡು ಹೋದ ಬುತ್ತಿ ಹಾಗೇ ಉಳಿಯಿತು. ನಾನು ಆಕೆಯ ಕಣ್ಣು ನೋಡಿ "ತಪ್ಪಾತು ಆಯಿ, ನಾನ ನಿನ್ನ ಗುರುತು ಹೇಳಿದ್ದು" ಎನ್ನಬೇಕೆಂದು ದಾರಿಯುದ್ದಕ್ಕೂ ಕಲಿತುಕೊಂಡು ಬಂದಿದ್ದೆ. ಹೇಳಿದೆ ಕೂಡ. ಆದರೆ ಹೇಳುವಾಗ ಕಂಬಳಿಯ ಅಂಚಿನ ಕೆಂಪು ದಾರವನ್ನೇ ನೋಡುತ್ತಿದ್ದೆ.

"ಗೊತ್ತೈತಿ," ಎಂದಳು ಆಯಿ. "ಮತ್ಯಾರು ಹೇಳ್ತಾರ? ಮಾರಿ ಕಾಣದಿದ್ರೂ ಗುರುತು ಹಿಡಿಯಾಕಿ ನೀ ಒಬ್ಬಾಕಿನ."

ಇವರು ಮಜ್ಜಿಗೆಯ ಲೋಟ ಕೆಳಗಿಟ್ಟರು. "ಆಯಿ, ನಿಮಗ ಭಾಳ ತ್ರಾಸ ಆತು. ಆದ್ರ ಸುಳ್ಳು ಹೇಳಂಗಿಲ್ಲ. ಮತ್ತ ಹಂಗ ಇಟ್ಟು ಹೋದ್ರ ನಾ ಮತ್ತ ಹಂಗ ಮಾಡಬೇಕಾಕ್ಕತಿ."

"ಮಾಡ್ರಿ. ಆದ್ರ ಜೀಪ್ ದೂರ ನಿಂದ್ರಸಿ ನಡಕೋತ ಬರ್ರಿ ಅಂತ ಹೇಳ್ರಿ ಅವರಿಗೆ." ನಂತರ ಆಕೆ ಕೇಳಿದಳು, "ನನ್ನ ಭಂಡಾರ ಎಲ್ಲೈತ್ರಿ? ಅದನ್ನ ತಿರುಗಿ ಕೊಡ್ರಿ."

"ಅದನ್ನ ಸುಟ್ರು ಆಯಿ. ಪರೀಕ್ಷಾ ಆದ ಮ್ಯಾಲೆ ಸುಡೂದ ನಿಯಮ."

"ದೇವರದನ್ನ?"

ಒಂದು ಮರಿ ಬಂದು ಇವರ ಬೂಟಿನ ದಾರ ಜಗ್ಗುತ್ತಿತ್ತು.

"ಹಂಗಾರ ಹರಕಿ ಮುಟ್ಟಿಲ್ಲ," ಎಂದಳು ಆಯಿ, ತನಗೇ ಹೇಳಿಕೊಳ್ಳುವಂತೆ.

"ಈ ಸಲ ಬಂದ್ರ ಕೌಂಟರಿನಾಗ ಹೆಸರು ಹೇಳಿ ಕೊಡ್ರಿ," ಎಂದರು ಇವರು.

"ಹೆಸರು ಹೇಳಿದ್ರ ಅದು ಹರಕಿ ಹೆಂಗಾಕ್ಕತ್ರಿ?"

ಇವರ ನಿಯಮಕ್ಕೆ ಹೆಸರು ಬೇಕು, ಆಕೆಯ ನಿಯಮಕ್ಕೆ ಹೆಸರು ಇರಬಾರದು. "ಆಸ್ಪತ್ರಿಗೆ ಬ್ಯಾಡ ಆಯಿ. ನಮ್ಮ ಮನಿಗೆ ಬಾ," ಎಂದೆ. ರೈಲು ಗೇಟು ದಾಟಿದ ಮೇಲೆ ಎಲ್ಲಿ ಹೊರಳಬೇಕು, ಬಾಗಿಲಿನ ಬಣ್ಣ ಯಾವುದು ಎಂದು ಹೇಳಿದೆ. ಆಯಿ ಮಜ್ಜಿಗೆಯ ಲೋಟಗಳನ್ನು ಎತ್ತಿಕೊಂಡು ಕೊಡದ ಕಡೆ ನಡೆದಳು.

ಆಸ್ಪತ್ರೆಯಲ್ಲಿ ಈಗ ಒಂದು ಫಲಕ ಇದೆ: "ಪ್ರಸಾದ, ಭಂಡಾರ ತಂದವರು ದಯವಿಟ್ಟು ಹೆಸರು ಹೇಳಿ ಕೈಗೆ ಕೊಡಿರಿ." ದಯವಿಟ್ಟು ಎಂಬುದನ್ನು ಸೇರಿಸಿದವಳು ನಾನು. ಅದನ್ನು ನೋಡಿದಾಗಲೆಲ್ಲ, ಆಯಿಗೆ ಓದಲು ಬರುವುದಿಲ್ಲ ಎಂಬುದು ನೆನಪಾಗುತ್ತದೆ.

ಸಾರವಾಡದಿಂದ ಬಂದು ಬಹಳ ದಿನವಾಗಿರಲಿಲ್ಲ. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಕೂತು ಅಕ್ಕಿ ಆರಿಸುತ್ತಿದ್ದೆ. ಮುಂಬಾಗಿಲು ತೆರೆದಿತ್ತು. ಹೊಸ್ತಿಲಲ್ಲಿ ನೆರಳು ಬಿತ್ತು. ತಲೆಯೆತ್ತುವಷ್ಟರಲ್ಲಿ ಆಯಿ ಬಗ್ಗಿ ಒಂದು ಮುತ್ತಲದ ಎಲೆಯನ್ನು ಇಟ್ಟಾಗಿತ್ತು. ಲಕೋಟೆಯಲ್ಲ, ಬಿಚ್ಚಿದ ಎಲೆ. ಒಳಗೆ ಏನಿದೆ ಎಂದು ಯಾರಿಗೂ ಕಾಣುವಂತೆ. ಕೈ ಮುಗಿದಳು, ಹೊರಳಿದಳು.

ಎಲೆಯ ಮೇಲೆ ಹಳದಿ ಭಂಡಾರ, ಅದರ ನಡುವೆ ಬಿಳಿ ಉಣ್ಣೆಯ ಚಿಟಿಕೆ. ಫ್ಯಾನಿನ ಗಾಳಿಗೆ ಆ ಉಣ್ಣೆ ಸಣ್ಣಗೆ ನಡುಗಿತು.

ನಾನು ಎದ್ದೆ. ಕೈ ಮುಗಿಯಬೇಕೆಂದೇ ಎದ್ದದ್ದು. ಆದರೆ ನನ್ನ ಕೈ ಗೋಡೆಯ ಕಡೆ ಹೋಗಿ ಫ್ಯಾನಿನ ಸ್ವಿಚ್ಚು ಆರಿಸಿತ್ತು.

ರೆಕ್ಕೆಗಳು ನಿಧಾನವಾಗಿ ನಿಂತವು. ಮನೆ ಎಷ್ಟು ಸದ್ದಿಲ್ಲದಾಯಿತೆಂದರೆ ಆಯಿಯ ಚಪ್ಪಲಿಯ ಸಪ್ಪಳ ಗೇಟಿನತನಕ ಕೇಳಿತು. ಎಡ ಭುಜದ ಮೇಲೆ ಕಂಬಳಿ, ಹಲ್ಲಿನಲ್ಲಿ ಸೆರಗು. ಕೂಗುವಂತಿರಲಿಲ್ಲ. ನಾನು ಬಂದು ಹೊಸ್ತಿಲ ಬಳಿ ಕೂತು, ಅದೇ ಕೈಯಿಂದ ಒಂದು ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಂಡೆ. ಇವರಿಗೆಂದು ಉಳಿದದ್ದನ್ನು ದೇವರ ಮುಂದೆ ಇಟ್ಟೆ. ಸಂಜೆ ಅವರು ಹಚ್ಚಿಕೊಂಡರು. ಸ್ವಿಚ್ಚಿನ ವಿಷಯ ಅವರಿಗೆ ಹೇಳಿಲ್ಲ.

ಆ ಮಧ್ಯಾಹ್ನ ಆಯಿ ಓಣಿಯ ತಿರುವು ದಾಟುವತನಕ ನಾನು ನೋಡುತ್ತಿದ್ದೆ. ತನ್ನ ಪದ್ಧತಿಯಂತೆ ಆಕೆ ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ. ಆಕೆ ಆ ಪದ್ಧತಿ ಬಿಡದೇ ಇದ್ದದ್ದಕ್ಕೇ ನನ್ನ ಕೈ ಎಲ್ಲಿತ್ತೆಂದು ಆಕೆಗೆ ಕಾಣಲಿಲ್ಲ.